ಐವತ್ತು ಮಂಚದ ಆಶ್ರಯ ಕೇಂದ್ರವನ್ನು ನೂರು ಮಾಡುವ ಮುಂಚೆ

ವಸತಿರಹಿತರ ಆಶ್ರಯ ಕೇಂದ್ರವನ್ನು ವಿಸ್ತರಿಸಬೇಕು ಎಂಬ ಮಾತು ಬಂದ ಕೂಡಲೇ ಸಭೆಯಲ್ಲಿ ಎಲ್ಲರೂ ಮಂಚದ ಲೆಕ್ಕಕ್ಕೆ ಕೂರುತ್ತಾರೆ. ಈಗ 50 ಇವೆ, ಇನ್ನೊಂದು 50 ಹಾಕಿಸಿದರೆ 100 ಆಯಿತು. ಮಂಚ ಬರುತ್ತವೆ, ಉದ್ಘಾಟನೆಯೂ ಆಗುತ್ತದೆ. ಕೆಲವು ತಿಂಗಳು ಬಿಟ್ಟು ರಾತ್ರಿ ಹನ್ನೊಂದರ ಹೊತ್ತಿಗೆ ಹೋಗಿ ನೋಡಿದರೆ ಒಳಗೆ ಸಾಲುಸಾಲು ಮಂಚ ಖಾಲಿ, ಕೂಗಳತೆ ದೂರದ ಮೇಲ್ಸೇತುವೆ ಕೆಳಗೆ ಜನ ಮೊದಲಿನಷ್ಟೇ. ಮಂಚ ಸಾಲದೆ ಅವರು ಹೊರಗೆ ಉಳಿದವರಲ್ಲ. ಕರಣೆ, ಸುತ್ತಿಗೆ ಇಡಲು ಭದ್ರವಾದ ಜಾಗವಿಲ್ಲ, ಹೆಂಡತಿ ಮಕ್ಕಳನ್ನು ಜೊತೆಗೆ ಬಿಡುವುದಿಲ್ಲ, ಬೆಳಗಿನ ಜಾವ ಬಾಗಿಲು ತೆಗೆಯುವವರಿಲ್ಲ, ಶೌಚಾಲಯಕ್ಕೆ ಸರದಿ ನಿಂತರೆ ಅಂದಿನ ಕೂಲಿ ಕೈತಪ್ಪುತ್ತದೆ. ವಿಸ್ತರಣೆಯ ಯೋಜನೆ ಹಾಕುವವರು ಇಲ್ಲಿಂದ ಶುರು ಮಾಡಬೇಕು.

ಮೊದಲು ನಿಯಮ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಆದೇಶದ ಪ್ರಕಾರ ದೊಡ್ಡ ನಗರಗಳಲ್ಲಿ ಪ್ರತಿ ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಇರಬೇಕು, ಅದು ವರ್ಷಪೂರ್ತಿ, ಹಗಲೂ ರಾತ್ರಿ ತೆರೆದಿರಬೇಕು. 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ, ಅಂದರೆ ಕಚೇರಿಗಳಲ್ಲಿ ಡೇ-ನಲ್ಮ್ ಎಂದೇ ಕರೆಯುತ್ತಿದ್ದ ಯೋಜನೆ, ಇದಕ್ಕೆ ಮಾರ್ಗಸೂಚಿ ಕೊಟ್ಟಿತು. ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಜಾಗ, ಒಂದೊಂದು ಕೇಂದ್ರದಲ್ಲಿ 50ರಿಂದ 100 ಜನ, ತಲೆಗೆ 50 ಚದರ ಅಡಿ. 2011ರ ಜನಗಣತಿ ಇಟ್ಟುಕೊಂಡು ಲೆಕ್ಕ ಹಾಕಿದರೆ 84 ಲಕ್ಷ ಜನರಿದ್ದ ಬೆಂಗಳೂರಿಗೆ 84 ಕೇಂದ್ರ, 9.4 ಲಕ್ಷದ ಹುಬ್ಬಳ್ಳಿ-ಧಾರವಾಡಕ್ಕೆ 9, ಶಿವಮೊಗ್ಗಕ್ಕೆ 3. ನಿಮ್ಮೂರಿನ ಲೆಕ್ಕ ನೀವೇ ಹಾಕಿ, ಇರುವುದೆಷ್ಟು ಎಂದು ಪಾಲಿಕೆಯಲ್ಲಿ ಕೇಳಿ.

50 ಆಗಲಿ 100 ಆಗಲಿ ಎಂದು ಮಾರ್ಗಸೂಚಿಯೇ ಬಿಟ್ಟಿರುವುದರಿಂದ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಕಟ್ಟಡದಲ್ಲಿ 100 ಮಂಚ ಹಾಕುವುದಕ್ಕಿಂತ ಎರಡು ಕಡೆ 50ರ ಕೇಂದ್ರ ಮಾಡುವುದು ಮೇಲು. ದಿನವಿಡೀ ಮೂಟೆ ಹೊತ್ತವರು ಮಲಗಲು ಒಂದು ಕಿಲೋಮೀಟರಿಗಿಂತ ಹೆಚ್ಚು ನಡೆಯುವುದಿಲ್ಲ. 50 ಜನರಿದ್ದರೆ ಕೇರ್‌ಟೇಕರ್‌ಗೆ ಎಲ್ಲರ ಹೆಸರೂ ಗೊತ್ತಿರುತ್ತದೆ, ಯಾರು ಎರಡು ದಿನದಿಂದ ಊಟ ಬಿಟ್ಟಿದ್ದಾರೆ, ಯಾರ ಕೆಮ್ಮು ನಿಂತಿಲ್ಲ ಎಂಬುದು ಕಣ್ಣಿಗೆ ಬೀಳುತ್ತದೆ. ನೂರು ದಾಟಿದರೆ ಉಳಿಯುವುದು ರಿಜಿಸ್ಟರ್ ನಂಬರ್ ಮಾತ್ರ.

ಎಲ್ಲಿ ಮಾಡಬೇಕು ಎಂಬುದು ರಾತ್ರಿ ಎಣಿಕೆಯಿಂದ ತಿಳಿಯಬೇಕು. ಜನಗಣತಿಯವರೂ ಮನೆಯಿಲ್ಲದವರನ್ನು ಒಂದೇ ರಾತ್ರಿಯಲ್ಲಿ ಎಣಿಸುತ್ತಾರೆ. 2011ರಲ್ಲಿ ಅದು ಫೆಬ್ರವರಿ 28ರ ರಾತ್ರಿ ನಡೆದು, ದೇಶದಲ್ಲಿ 17.73 ಲಕ್ಷ ಮಂದಿ ಸಿಕ್ಕಿದ್ದರು. ಒಂದು ರಾತ್ರಿಯ ಎಣಿಕೆಯಲ್ಲಿ ಲೋಡಿಂಗ್‌ಗೆ ಹೋದವರು, ಪೊಲೀಸರು ಎಬ್ಬಿಸಿ ಕಳಿಸಿದವರು, ಮಳೆಗೆ ಸರಿದುಹೋದವರು ತಪ್ಪಿಹೋಗುತ್ತಾರೆ. ಹಾಗಾಗಿ ಕನಿಷ್ಠ ಮೂರು ರಾತ್ರಿ ಎಣಿಸಿ: ವಾರದ ನಡುವೆ ಒಂದು, ಶನಿವಾರ ಒಂದು, ಮಳೆಗಾಲದಲ್ಲಿ ಒಂದು. ಹನ್ನೊಂದರಿಂದ ಮೂರು ಗಂಟೆಯೊಳಗೆ ಮುಗಿಸಿ. ಜಾತ್ರೆ, ದಸರಾ ದಿನಗಳನ್ನು ಬಿಡಿ. ಬಸ್ ನಿಲ್ದಾಣ, ರೈಲು ನಿಲ್ದಾಣ, ಎಪಿಎಂಸಿ, ದೇವಸ್ಥಾನದ ಜಗಲಿ, ದರ್ಗಾದ ಮುಂಭಾಗ, ಸರ್ಕಾರಿ ಆಸ್ಪತ್ರೆಯ ಆವರಣ, ಮುಚ್ಚಿದ ಅಂಗಡಿಗಳ ಕಟ್ಟೆ ಯಾವುದನ್ನೂ ಬಿಡಬೇಡಿ. ನಿದ್ದೆ ಹತ್ತಿದವರನ್ನು ಎಬ್ಬಿಸಬೇಡಿ. ಎಚ್ಚರ ಇರುವವರನ್ನು ಮೂರೇ ಪ್ರಶ್ನೆ ಕೇಳಿ: ಬೆಳಿಗ್ಗೆ ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಗುತ್ತೀರಿ, ಸಾಮಾನು ಎಲ್ಲಿಡುತ್ತೀರಿ, ಜೊತೆಗೆ ಯಾರಿದ್ದಾರೆ. ಕೇಂದ್ರದ ನಕ್ಷೆಗೆ ಬೇಕಾದ ಮುಕ್ಕಾಲು ಪಾಲು ವಿಷಯ ಈ ಮೂರು ಉತ್ತರಗಳಲ್ಲೇ ಸಿಗುತ್ತದೆ. ಮಾರುಕಟ್ಟೆ ಹಮಾಲರಿಗೆ ಕೆಲಸ ನಡುರಾತ್ರಿಯ ಮೇಲೆ, ಅವರು ಮಲಗುವುದು ಹಗಲು. ಬೆಳಿಗ್ಗೆ ಎಂಟಕ್ಕೆ ಎಲ್ಲರನ್ನೂ ಹೊರಗೆ ಕಳಿಸಿ ಬೀಗ ಹಾಕುವ ಕೇಂದ್ರದಿಂದ ಅವರಿಗೆ ಪ್ರಯೋಜನವಿಲ್ಲ.

ಎಣಿಕೆಗಾಗಲಿ, ಕರೆತರುವುದಕ್ಕಾಗಲಿ ವ್ಯಾನ್ ತೆಗೆದುಕೊಂಡು ಹೋಗಬೇಡಿ. ವ್ಯಾನ್ ಕಂಡರೆ ಜನ ಎದ್ದು ಓಡುತ್ತಾರೆ, ಅದಕ್ಕೆ ಕಾರಣವಿದೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975ರ ಅಡಿಯಲ್ಲಿ ಹಿಡಿದು ತಂದವರನ್ನು ಇಡುವ ನಿರಾಶ್ರಿತರ ಪರಿಹಾರ ಕೇಂದ್ರಗಳೇ ಬೇರೆ, ಈ ಆಶ್ರಯ ಕೇಂದ್ರಗಳೇ ಬೇರೆ. ಆ ಪರಿಹಾರ ಕೇಂದ್ರದಿಂದ ಮನಸ್ಸು ಬಂದಾಗ ಹೊರಡುವಂತಿಲ್ಲ. ಬೆಂಗಳೂರಿನ ಮಾಗಡಿ ರಸ್ತೆಯ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಹಲವರು ಸತ್ತ ಸುದ್ದಿ ಬೀದಿಯಲ್ಲಿರುವವರ ನಡುವೆ ಬೇಗ ಅಳಿಸುವಂಥದ್ದಲ್ಲ. (ಆಸ್ತಿ ತೆರಿಗೆ ಜೊತೆ ನಾವು ಕಟ್ಟುವ ಶೇ 3ರ ಭಿಕ್ಷುಕರ ಸೆಸ್ ಹೋಗುವುದೂ ಆ ವ್ಯವಸ್ಥೆಗೆ. ಆಶ್ರಯ ಕೇಂದ್ರಕ್ಕೆ ಆ ದುಡ್ಡು ಬರುತ್ತದೆ ಎಂದು ತಪ್ಪು ತಿಳಿದವರು ಬಹಳ ಮಂದಿ.) ಇಬ್ಬರು ನಡೆದು ಹೋಗಿ, ಗೇಟಿಗೆ ಬೀಗ ಇರುವುದಿಲ್ಲ, ಬೇಡವೆನಿಸಿದರೆ ಎದ್ದು ಬರಬಹುದು ಎಂದು ಹೇಳಿ. ಈಗಾಗಲೇ ಕೇಂದ್ರದಲ್ಲಿ ಇರುವವರೊಬ್ಬರನ್ನು ಜೊತೆಗೆ ಕರೆದೊಯ್ದರೆ ಅರ್ಧ ಕೆಲಸ ಆದಂತೆ.

ಇನ್ನು ಕಟ್ಟಡ. ಸಾಮಾನ್ಯವಾಗಿ ಸಿಗುವುದು ಪಾಲಿಕೆಯ ಹಳೇ ಕಚೇರಿ, ಮುಚ್ಚಿದ ಶಾಲೆ ಅಥವಾ ಸಮುದಾಯ ಭವನ. ಗೋಡೆ, ಚಾವಣಿ ನೋಡುವ ಮೊದಲು ಶೌಚಗುಂಡಿ ನೋಡಿ. ಹಗಲು ಹತ್ತು ನೌಕರರಿಗೆಂದು ಕಟ್ಟಿಸಿದ ಗುಂಡಿಯ ಮೇಲೆ 50 ಜನರನ್ನು ಇರಿಸಿದರೆ ಅದು ತಿಂಗಳುಗಳಲ್ಲಿ ತುಂಬಿ ಹಿಂದಕ್ಕೆ ಬರುತ್ತದೆ. ಹತ್ತಿರದಲ್ಲಿ ಒಳಚರಂಡಿ ಇದ್ದರೆ ಸಂಪರ್ಕ ಕೊಡಿಸಿ, ಇಲ್ಲದಿದ್ದರೆ ಹೊಸ ಗುಂಡಿಯ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಮೊದಲ ಸಾಲಾಗಿ ಬರೆಯಿರಿ.

ಶೌಚಾಲಯ ಎಷ್ಟು ಬೇಕು ಎಂಬುದನ್ನು ಬೆಳಗಿನ ಒಂದೂವರೆ ಗಂಟೆಯ ಅವಧಿ ತೀರ್ಮಾನಿಸುತ್ತದೆ. ಕೂಲಿಯವರು ನಿಲ್ಲುವ ಜಾಗಕ್ಕೆ ಆರೂವರೆ, ಏಳಕ್ಕೆಲ್ಲ ಮೇಸ್ತ್ರಿಗಳು ಬಂದು ಜನರನ್ನು ಆರಿಸಿಕೊಂಡು ಹೋಗುತ್ತಾರೆ. ಅಂದರೆ 50 ಜನ ಐದರಿಂದ ಆರೂವರೆಯೊಳಗೆ ಮುಗಿಸಬೇಕು. ಒಬ್ಬರಿಗೆ 8 ನಿಮಿಷವೆಂದರೂ 400 ನಿಮಿಷ. ಅದನ್ನು 90 ನಿಮಿಷಕ್ಕೆ ಹಂಚಿದರೆ 5 ಶೌಚಾಲಯ. ಸ್ನಾನಕ್ಕೆ 10 ನಿಮಿಷ ಹಿಡಿದರೆ 6 ಬಚ್ಚಲು. 50 ಮಂಚ ಸೇರಿಸಿ ಎರಡೇ ಶೌಚಾಲಯ ಸೇರಿಸಿದರೆ ಜನ ಪಕ್ಕದ ಖಾಲಿ ಸೈಟಿಗೆ ಹೋಗುತ್ತಾರೆ, ಅಲ್ಲಿಂದ ಬಡಾವಣೆಯವರ ದೂರು ಶುರು. ಜಾಗ ಕಡಿಮೆ ಇದ್ದರೆ ಗಂಡಸರಿಗೆ ಹಿತ್ತಲಲ್ಲಿ ಆರು ನಲ್ಲಿಯ ಒಂದು ಕಲ್ಲುಕಟ್ಟೆ ಮಾಡಿಸಿ. ಬಟ್ಟೆ ಒಗೆಯಲೂ ಆಗುತ್ತದೆ, ಬಚ್ಚಲ ಮುಂದಿನ ಗಲಾಟೆಯೂ ಕಡಿಮೆಯಾಗುತ್ತದೆ.

ನೀರಿನ ಲೆಕ್ಕವೂ ಇದೇ ಹೊತ್ತಿನ ಸುತ್ತಲೇ. ಸ್ನಾನಕ್ಕೆ 30 ಲೀಟರ್, ಶೌಚಕ್ಕೆ 20, ಬಟ್ಟೆಗೆ 20, ಅಡುಗೆ ಪಾತ್ರೆಗೆ 10, ಕುಡಿಯಲು 5, ಒಟ್ಟು ತಲೆಗೆ 85 ಲೀಟರ್ ಹಿಡಿಯಬಹುದು. 50 ಜನಕ್ಕೆ ದಿನಕ್ಕೆ 4,250, ನೂರಕ್ಕೆ 8,500. ಇದರಲ್ಲಿ ಅರ್ಧದಷ್ಟು ಬೆಳಗಿನ ಒಂದೂವರೆ ಗಂಟೆಯಲ್ಲೇ ಖಾಲಿ. ಹಾಗಾಗಿ 100 ಜನರ ಕೇಂದ್ರದಲ್ಲಿ ಮೇಲಿನ ಟ್ಯಾಂಕ್ 5,000 ಲೀಟರಿಗೆ ಕಡಿಮೆ ಇರಬಾರದು, ನಾಲ್ಕೂವರೆಗೆ ಅದು ತುಂಬಿರಬೇಕು. ಮೂರು ದಿನಕ್ಕೊಮ್ಮೆ ನೀರು ಬಿಡುವ ಊರಾದರೆ ಸಂಪ್ 25,000 ಲೀಟರ್ ಇರಲೇಬೇಕು. ಟ್ಯಾಂಕರ್ ನೀರು ನಂಬಿ ಬಜೆಟ್ ಹಾಕಿದ ಕೇಂದ್ರಗಳು ಏಪ್ರಿಲ್ ಹೊತ್ತಿಗೆ ಊಟದ ದುಡ್ಡಿಗೆ ಕೈಹಾಕುತ್ತವೆ.

ಎರಡಂತಸ್ತಿನ ಮಂಚದ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಕಾಗದದ ಮೇಲೆ ಜಾಗ ದುಪ್ಪಟ್ಟು ತೋರಿಸಲು ಅದೊಂದು ಸುಲಭದ ದಾರಿ. 50 ಚದರ ಅಡಿ ಎಂದರೆ ನೆಲದ ಅಳತೆ. ಮಂಚದ ಮೇಲೆ ಮಂಚ ಏರಿಸಿದರೆ ತಲೆಗೆ 25 ಚದರ ಅಡಿಗೆ ಇಳಿಯುತ್ತದೆ. ವಯಸ್ಸಾದವರು, ಕಾಲು ಮುರಿದವರು, ಮೂರ್ಛೆರೋಗ ಇರುವವರು ಮೇಲೆ ಹತ್ತಲಾರರು. ಕೇಂದ್ರಕ್ಕೆ ಬರುವವರಲ್ಲಿ ಇಂಥವರೇ ಬಹಳ. ಅದರ ದುಡ್ಡಲ್ಲಿ ಮಂಚಕ್ಕೊಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿ. ಒಂದೂವರೆ ಅಡಿ ಅಗಲ, ಎರಡಡಿ ಆಳ ಇದ್ದರೆ ಗಾರೆ ಕೆಲಸದವರ ಚೀಲ ಹಿಡಿಸುತ್ತದೆ. ಬೀಗ ಅವರದೇ ಇರಲಿ. ಕೇಂದ್ರದ ಬೀಗವಾದರೆ ಕೀ ಕಳೆದಾಗ, ಇನ್ನೊಂದು ಕೀ ಯಾರ ಹತ್ತಿರ ಇತ್ತು ಎಂಬ ಅನುಮಾನ ಕೇರ್‌ಟೇಕರ್ ಮೇಲೆ ಬರುತ್ತದೆ. ಮೊಬೈಲ್ ಚಾರ್ಜ್ ಮಾಡಲು ಕೇರ್‌ಟೇಕರ್ ಮೇಜಿನ ಎದುರು ಒಂದೇ ಬೋರ್ಡಿನಲ್ಲಿ 20 ಸಾಕೆಟ್ ಕೊಡಿ. ಮಂಚಮಂಚಕ್ಕೂ ವೈರ್ ಎಳೆದರೆ ಮಳೆಗಾಲದಲ್ಲಿ ಶಾರ್ಟ್ ಸರ್ಕ್ಯೂಟ್ ಆಗುವುದು ಅಲ್ಲೇ.

ತಿಗಣೆ ಒಂದು ಸಲ ಹೊಕ್ಕರೆ ಜನ ಫುಟ್‌ಪಾತೇ ವಾಸಿ ಎಂದು ಎದ್ದು ಹೋಗುತ್ತಾರೆ. ಹತ್ತಿ ಹಾಸಿಗೆ ಬೇಡ, ರೆಕ್ಸಿನ್ ಹೊದಿಕೆಯ ಫೋಮ್ ಹಾಸಿಗೆ ಇರಲಿ. ಮರದ ಹಲಗೆಯ ಮಂಚ ಬೇಡ, ಕಬ್ಬಿಣದ ಪಟ್ಟಿಯದಿರಲಿ. ಔಷಧಿ ಹೊಡೆಸಿ ಸುಮ್ಮನಾಗುವುದು ಎಲ್ಲೆಡೆ ನಡೆಯುವ ತಪ್ಪು. ಅದು ಮೊಟ್ಟೆಗೆ ತಾಗುವುದಿಲ್ಲ, ಹತ್ತು ಹದಿನಾಲ್ಕು ದಿನದಲ್ಲಿ ಮರಿಗಳು ಹೊರಬರುತ್ತವೆ. ಆ ಹೊತ್ತಿಗೆ ಎರಡನೇ ಸಲ ಹೊಡೆಯದಿದ್ದರೆ ಮೊದಲನೆಯದು ದಂಡ. ದುಪ್ಪಟಿ, ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಒಗೆಯಬೇಕು, ಗೋಡೆಯ ಬಿರುಕು, ಮಂಚದ ಸಂದುಗಳನ್ನು ಮುಚ್ಚಬೇಕು. 50 ಮಂಚಕ್ಕೆ 120 ದುಪ್ಪಟಿ ಇದ್ದರೆ ವಾರಕ್ಕೊಮ್ಮೆ ಬದಲಾಯಿಸಲು ಸಾಲುತ್ತದೆ. ಉಣ್ಣೆ ಕಂಬಳಿ ದಾನ ಕೊಡುವವರು ಬಹಳ, ಆದರೆ ಜುಲೈ ತಿಂಗಳಲ್ಲಿ ಅದು ಒಣಗುವುದೇ ಇಲ್ಲ. ದಾನಿಗಳು ಕೇಳಿದರೆ ತೆಳು ಹೊದಿಕೆ, ಒಳಉಡುಪು, ಟವೆಲ್ ಕೇಳಿ.

ಕಜ್ಜಿಗೂ ಹಾಗೆಯೇ. ಒಬ್ಬರಿಗೆ ಮಾತ್ರ ಮುಲಾಮು ಕೊಟ್ಟರೆ ಪಕ್ಕದವರಿಂದ ಮತ್ತೆ ಹತ್ತುತ್ತದೆ. ವೈದ್ಯರನ್ನು ಕರೆಸಿ, ಇಡೀ ಕೋಣೆಗೆ ಒಂದೇ ರಾತ್ರಿ ಪರ್ಮೆಥ್ರಿನ್ ಶೇ 5ರ ಮುಲಾಮು ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿಸಿ, 8ರಿಂದ 14 ಗಂಟೆ ಬಿಟ್ಟು ಸ್ನಾನ, ವಾರದ ನಂತರ ಇನ್ನೊಮ್ಮೆ. ಅದೇ ದಿನ ಬಟ್ಟೆಗಳೆಲ್ಲ ಬಿಸಿನೀರಿಗೆ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ಎರಡು ವಾರ ಮೀರಿದ ಕೆಮ್ಮಿದ್ದವರನ್ನು ಕಫ ಪರೀಕ್ಷೆಗೆ ಕಳಿಸುವುದು ಕೇರ್‌ಟೇಕರ್ ಕೆಲಸದ ಪಟ್ಟಿಯಲ್ಲಿ ಬರೆದಿರಲಿ. ಕ್ಷಯಕ್ಕೆ ಚಿಕಿತ್ಸೆ ಉಚಿತ. ನಿಕ್ಷಯ್ ಪೋಷಣೆ ಯೋಜನೆಯಲ್ಲಿ 2024ರ ನವೆಂಬರ್‌ನಿಂದ ತಿಂಗಳಿಗೆ ₹1,000 ಸಿಗುತ್ತದೆ, ಆದರೆ ದುಡ್ಡು ಬ್ಯಾಂಕ್ ಖಾತೆಗೇ ಬರುವುದು. ಖಾತೆ ಇಲ್ಲದವರಿಗೆ ಮಾತ್ರೆ ಸಿಕ್ಕರೂ ಹಾಲು, ಮೊಟ್ಟೆಯ ದುಡ್ಡು ಸಿಗುವುದಿಲ್ಲ.

ಖಾತೆ ಎಂದರೆ ದಾಖಲೆ, ದಾಖಲೆ ಎಂದರೆ ವಿಳಾಸ. ಆಶ್ರಯ ಕೇಂದ್ರ ಕೊಡುವ ಸೇವೆಗಳಲ್ಲಿ ಮಂಚಕ್ಕಿಂತ ಹೆಚ್ಚು ಕಾಲ ಉಳಿಯುವುದು ಈ ವಿಳಾಸ. ಮೊದಲ ರಾತ್ರಿ ಯಾವ ಕಾಗದವನ್ನೂ ಕೇಳಬಾರದು. ಹೆಸರು, ವಯಸ್ಸು, ಊರು, ಏನಾದರೂ ಆದರೆ ಯಾರಿಗೆ ತಿಳಿಸಬೇಕು, ಔಷಧಿ ಏನಾದರೂ ತೆಗೆದುಕೊಳ್ಳುತ್ತಾರೆಯೇ, ಇಷ್ಟು ಸಾಕು. ನಾಲ್ಕೈದು ದಿನ ಕಳೆದು ಮಾತು ಬೆಳೆದ ಮೇಲೆ ದಾಖಲೆಯ ಕೆಲಸ. ಅದಕ್ಕೊಂದು ಕ್ರಮವಿದೆ, ತಪ್ಪಿದರೆ ಅಲೆದಾಟ.

ಮೊದಲು ಮೊಬೈಲ್ ಸಂಖ್ಯೆ. ಬೀದಿಯಲ್ಲಿ ಇದ್ದವರ ಫೋನ್ ಒಂದಲ್ಲ ಒಂದು ಸಲ ಕಳುವಾಗಿರುತ್ತದೆ. ಆಧಾರ್ ಇದ್ದರೂ ಅದಕ್ಕೆ ಜೋಡಿಸಿದ ಹಳೇ ನಂಬರಿಗೆ ಒಟಿಪಿ ಹೋಗುತ್ತಿರುತ್ತದೆ. ಆ ನಂಬರ್ ಬದಲಿಸದೆ ಮುಂದಿನ ಯಾವ ಅರ್ಜಿಯೂ ಸಾಗುವುದಿಲ್ಲ. ಎರಡನೆಯದು ಆಧಾರ್ ವಿಳಾಸ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರವನ್ನು ಒಪ್ಪುತ್ತಾರೆ. ಫೋಟೊ ಅಂಟಿಸಿ ಅದರ ಮೇಲೂ ಸಹಿ ಮೊಹರು ಬೀಳಬೇಕು. ಲೆಟರ್‌ಹೆಡ್‌ನಲ್ಲಿ ತಮ್ಮದೇ ಮಾತಿನಲ್ಲಿ ಬರೆದುಕೊಟ್ಟರೆ ತಿರಸ್ಕಾರ ಖಂಡಿತ. ಸಿಮೆಂಟ್ ಕೆಲಸದವರ ಬೆರಳ ಗೆರೆ ಸವೆದಿರುತ್ತದೆ, ಬಯೋಮೆಟ್ರಿಕ್ ಹಿಡಿಯದಿದ್ದರೆ ಕಣ್ಣಿನ ಪಾಪೆಯಿಂದ ಮಾಡಿ ಎಂದು ಪಟ್ಟು ಹಿಡಿಯಬೇಕು. ಇಷ್ಟಾದ ಮೇಲೆ ಜನಧನ ಖಾತೆ, ಆಮೇಲೆ ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ. ಊರಲ್ಲಿ ಪಡಿತರ ಚೀಟಿ ಇದ್ದವರಿಗೆ ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಇಲ್ಲೇ ಅಕ್ಕಿ ತೆಗೆಯಬಹುದು, ಹೊಸ ಅರ್ಜಿ ಹಾಕಿ ಕಾಯುವುದು ಬೇಡ.

ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಮಾತ್ರ ಕಷ್ಟದ್ದು. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು, ದಿನಕ್ಕೊಬ್ಬ ಮೇಸ್ತ್ರಿಯ ಕೈಕೆಳಗೆ ದುಡಿದವರಿಗೆ ಯಾರೂ ಸಹಿ ಹಾಕುವುದಿಲ್ಲ. ಕೇಂದ್ರದಲ್ಲಿ ಒಂದು ಸಣ್ಣ ಹಾಜರಿ ಪುಸ್ತಕ ಇಟ್ಟು, ಯಾವ ದಿನ ಯಾವ ಕಟ್ಟಡ, ಯಾರ ಕೆಲಸ, ಅವರ ಫೋನ್ ನಂಬರ್ ಎಂದು ಪ್ರತಿ ಸಂಜೆ ಬರೆಸಿದರೆ ಕಾರ್ಮಿಕ ನಿರೀಕ್ಷಕರ ಮುಂದೆ ಮಾತಾಡಲು ಕೈಯಲ್ಲೊಂದು ಆಧಾರ ಇರುತ್ತದೆ. ಮತದಾರರ ಪಟ್ಟಿಗೆ ಸೇರುವುದು ಇದಕ್ಕಿಂತ ಸುಲಭ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ವಸತಿರಹಿತರು ನಮೂನೆ 6ರಲ್ಲಿ ಅರ್ಜಿ ಕೊಟ್ಟರೆ, ಅಲ್ಲಿ ಬರೆದ ಜಾಗದಲ್ಲಿ ಅವರು ನಿಜವಾಗಿಯೂ ಮಲಗುತ್ತಾರೆಯೇ ಎಂದು ಮತಗಟ್ಟೆ ಅಧಿಕಾರಿ ರಾತ್ರಿ ಬಂದು ನೋಡಿದರೆ ಸಾಕು, ವಿಳಾಸದ ದಾಖಲೆ ಬೇಕಿಲ್ಲ.

ಸಿಬ್ಬಂದಿ ಲೆಕ್ಕದಲ್ಲಿ ಒಂದು ಹುಳುಕು ಎಲ್ಲ ಕಡೆ ಇದೆ. ಒಬ್ಬ ಮ್ಯಾನೇಜರ್, ಮೂರು ಪಾಳಿಗೆ ಮೂವರು ಕೇರ್‌ಟೇಕರ್ ಎಂದು ಬರೆದಿರುತ್ತಾರೆ. ವಾರಕ್ಕೆ 21 ಪಾಳಿ. ವಾರದ ರಜೆ ಬಿಟ್ಟು ಒಬ್ಬರಿಗೆ 6 ಪಾಳಿ, ಮೂವರಿಗೆ 18. ಉಳಿದ 3 ಪಾಳಿಗೆ ಯಾರಿಲ್ಲ. ಆ ಮೂರು ಸಾಮಾನ್ಯವಾಗಿ ಭಾನುವಾರದ ಸುತ್ತ ಬೀಳುತ್ತವೆ, ಜಗಳ, ಕುಡಿತ ಹೆಚ್ಚಿರುವ ಹೊತ್ತೂ ಅದೇ. 50 ಜನಕ್ಕೆ ನಾಲ್ವರು ಇರಲೇಬೇಕು. 100 ಆದರೆ ರಾತ್ರಿ ಪಾಳಿಗೆ ಇಬ್ಬರಂತೆ ಕನಿಷ್ಠ ಐದು ಜನ. ಒಬ್ಬರನ್ನು ಆಂಬುಲೆನ್ಸ್‌ನಲ್ಲಿ ಕಳಿಸಬೇಕಾಗಿ ಬಂದರೆ ಇನ್ನೊಬ್ಬರು ಇಲ್ಲಿರಬೇಕಲ್ಲ. ಅನುದಾನ ಕಂತುಕಂತಾಗಿ, ಹೆಚ್ಚಾಗಿ ತಡವಾಗಿ ಬರುತ್ತದೆ. ಮೂರು ತಿಂಗಳ ಸಂಬಳದಷ್ಟು ಹಣ ಕೈಯಲ್ಲಿ ಇಲ್ಲದ ಸಂಸ್ಥೆ ವಿಸ್ತರಣೆಗೆ ಕೈಹಾಕುವುದು ಬೇಡ. ಸಂಬಳ ನಿಂತ ತಿಂಗಳು ಮೊದಲು ಬಿಟ್ಟು ಹೋಗುವವರು ಒಳ್ಳೆಯ ಕೇರ್‌ಟೇಕರ್‌ಗಳು.

ಊಟಕ್ಕೆ ಇಂದಿರಾ ಕ್ಯಾಂಟೀನ್ ಹತ್ತಿರವಿದ್ದರೆ ದೊಡ್ಡ ಭಾರ ಇಳಿದಂತೆ. ಆದರೂ ರಾತ್ರಿ ಹತ್ತಕ್ಕೆ ಕೆಲಸ ಮುಗಿಸಿ ಬರುವವರಿಗೆ ಅದು ಮುಚ್ಚಿರುತ್ತದೆ. ಅನ್ನ ಸಾರು ಇಲ್ಲೇ ಮಾಡುವುದಾದರೆ ಮೈಮುರಿದು ದುಡಿಯುವವರಿಗೆ ತಲೆಗೆ 200 ಗ್ರಾಂ ಅಕ್ಕಿ, 40 ಗ್ರಾಂ ಬೇಳೆ ಹಿಡಿಯಿರಿ. 50 ಜನಕ್ಕೆ 10 ಕಿಲೋ ಅಕ್ಕಿ, 2 ಕಿಲೋ ಬೇಳೆ. ಮದುವೆ ಮನೆಯಲ್ಲಿ ಉಳಿದದ್ದು ತಂದುಕೊಡುತ್ತೇವೆ ಎಂಬ ಫೋನ್ ಬಂದರೆ, ಮಾಡಿ ನಾಲ್ಕು ಗಂಟೆ ದಾಟಿದ ಅನ್ನವನ್ನು ಬೇಡವೆನ್ನಲು ಸಂಕೋಚ ಪಡಬೇಡಿ.

ಕುಡಿದು ಬಂದವರನ್ನು ಬಾಗಿಲಲ್ಲೇ ತಡೆಯುವ ನಿಯಮ ನೋಡಲು ಶಿಸ್ತಿನದು. ಚಳಿಗಾಲದಲ್ಲಿ, ಮಳೆಯಲ್ಲಿ ಅದರಿಂದ ಜೀವ ಹೋಗುತ್ತದೆ. ಒಳಗೆ ಕುಡಿಯುವಂತಿಲ್ಲ, ಗಲಾಟೆ ಮಾಡುವಂತಿಲ್ಲ ಎಂಬ ನಿಯಮ ಸಾಕು, ಬಾಗಿಲ ಹತ್ತಿರ ನಾಲ್ಕು ಮಂಚ ಅವರಿಗೆಂದು ಬಿಡಿ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ಬಿಟ್ಟರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾಗಬಹುದು. ಕೈ ನಡುಗಿ ಬೆವರುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಿ. ಕೇಂದ್ರದಲ್ಲಿಟ್ಟುಕೊಂಡು ಬಿಡಿಸುವ ಸಾಹಸ ಬೇಡ. ಮಾನಸಿಕ ಕಾಯಿಲೆಯಿಂದ ಅಲೆಯುತ್ತಿರುವವರನ್ನು ಕರೆತಂದು ಸೇರಿಸಿಕೊಳ್ಳಿ ಎಂದು ಪೊಲೀಸರು ಬಾಗಿಲಿಗೆ ಬರುವುದುಂಟು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 100ನೇ ಕಲಂ ಪ್ರಕಾರ ಅಂಥವರನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಠಾಣೆಯ ಹೊಣೆ. ವೈದ್ಯರು ನೋಡಿ, ಔಷಧಿ ಬರೆದ ಮೇಲೆ ಕೇಂದ್ರ ಒಪ್ಪಿಕೊಳ್ಳಲಿ. ಮುಂದಿನ ತಪಾಸಣೆಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ.

ವಿಸ್ತರಣೆಗೆ ಹಣ ಬಂದಾಗ ಮೊದಲ ಪಾಲು ಹೆಂಗಸರಿಗೆ ಹೋಗಬೇಕು. ಒಂದೇ ಗೇಟು, ಒಂದೇ ಮೆಟ್ಟಿಲು ಇರುವ ಕಟ್ಟಡದ ಮೇಲಂತಸ್ತಿಗೆ ಮಹಿಳಾ ವಿಭಾಗ ಎಂದು ಬೋರ್ಡು ಹಾಕಿದರೆ ಯಾರೂ ಬರುವುದಿಲ್ಲ. ಬೇರೆ ಬಾಗಿಲು, ಬೇರೆ ಶೌಚಾಲಯ, ಮಹಿಳಾ ಕೇರ್‌ಟೇಕರ್, ಬೆಳಕಿರುವ ದಾರಿ ಬೇಕು. ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಇರಲು 10 ಅಡಿ ಉದ್ದ, 10 ಅಡಿ ಅಗಲದ ನಾಲ್ಕು ಕೋಣೆಗಳಿದ್ದರೂ ದೊಡ್ಡ ಉಪಕಾರ. ದೊಡ್ಡವರಿಲ್ಲದೆ ಬಂದ ಮಕ್ಕಳನ್ನು ರಾತ್ರಿಯೇ ಆದರೂ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ದೊಡ್ಡ ಸರ್ಕಾರಿ ಆಸ್ಪತ್ರೆಗಳಿರುವ ಊರುಗಳಲ್ಲಿ ರೋಗಿಗಳ ಕಡೆಯವರಿಗೇ ಒಂದು ಕೇಂದ್ರ ಬೇಕು. ಹುಬ್ಬಳ್ಳಿಯ ಕೆಎಂಸಿಆರ್‌ಐಗೆ (ಮೊದಲಿನ ಕಿಮ್ಸ್), ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಸುತ್ತಲ ಜಿಲ್ಲೆಗಳಿಂದ ಬಂದವರಿಗೆ ವಾರಗಟ್ಟಲೆ ಲಾಡ್ಜ್ ಬಾಡಿಗೆ ಕೊಡುವ ಶಕ್ತಿ ಇರುವುದಿಲ್ಲ.

ಕೊನೆಗೆ, ಕೆಲಸ ನಡೆಯುವ ತಿಂಗಳುಗಳ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. ದುರಸ್ತಿಗೆಂದು ಇಡೀ ಕೇಂದ್ರವನ್ನು ಮುಚ್ಚಿದರೆ ಒಳಗಿದ್ದ 50 ಜನ ಚದುರಿಹೋಗುತ್ತಾರೆ, ಅರ್ಧಕ್ಕೆ ನಿಂತ ಆಧಾರ್, ಕ್ಷಯದ ಮಾತ್ರೆ ಎಲ್ಲ ಅಲ್ಲಿಗೇ ನಿಲ್ಲುತ್ತದೆ. ಕಟ್ಟಡವನ್ನು ಎರಡು ಭಾಗ ಮಾಡಿಕೊಂಡು ಒಂದೊಂದೇ ಮುಗಿಸುವಂತೆ ಟೆಂಡರ್‌ನಲ್ಲೇ ಬರೆಸಿ. ಮೊದಲು ಶೌಚಾಲಯ, ಒಳಚರಂಡಿ, ಸಂಪ್, ಆಮೇಲೆ ಎರಡನೇ ಬಾಗಿಲು, ಒಳಗಿನಿಂದ ತೆಗೆಯಬಹುದಾದ ಕಿಟಕಿ ಸರಳು, ಬೆಂಕಿ ಆರಿಸುವ ಸಿಲಿಂಡರ್, ಆಮೇಲೆ ಪೆಟ್ಟಿಗೆಗಳು, ಮಂಚ ಕೊನೆಗೆ, ತಿಂಗಳಿಗೆ ಹತ್ತರಂತೆ. ನವೆಂಬರ್‌ನಲ್ಲಿ ಶುರು ಮಾಡಿದರೆ ಮೇ ಕೊನೆಗೆ ಮುಗಿಯಬೇಕು. ಜೂನ್ ಮಳೆಗೆ ಚಾವಣಿ ಬಿಚ್ಚಿರಬಾರದು. ಅಷ್ಟರಲ್ಲಿ ಅಕ್ಕಪಕ್ಕದ ಮನೆಯವರನ್ನು ಒಂದು ಸಂಜೆ ಕರೆದು, ಕೇರ್‌ಟೇಕರ್‌ಗಳ ಹೆಸರು, ಫೋನ್ ನಂಬರ್ ಕೊಟ್ಟುಬಿಡಿ. ದೂರು ಬಂದರೆ ಅದು ಠಾಣೆಗೆ ಹೋಗುವ ಮೊದಲು ನಿಮಗೆ ತಲುಪುತ್ತದೆ.